ಗೋಡೆ ಚಿತ್ರದಿಂದ ಅಪರಾಧ ಕಮ್ಮಿ ಆಗ್ಬೇಕು ಅಂದ್ರೆ ಏನೇನು ಮಾಡ್ಬೇಕು

ಯಾವ್ದಾದ್ರೂ ಅಂಡರ್‌ಪಾಸೋ ಓಣಿಯೋ ಹಾಳು ಬಿದ್ದು, ಅಲ್ಲಿ ಓಡಾಡೋಕೆ ಜನ ಹೆದರೋಕೆ ಶುರು ಮಾಡಿದ್ರು ಅಂದ್ರೆ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ಗೋಡೆಗೆ ಒಂದು ಒಳ್ಳೆ ಚಿತ್ರ ಬರೆಸೋಣ ಅಂತ. ನನಗೆ ಈ ಮಾತು ಇಷ್ಟ, ಜನ ಓಡಾಡೋ ಜಾಗದಲ್ಲಿ ಕಲೆ ಇರ್ಲೇಬೇಕು ಅಂತ ನಂಬಿರೋನು ನಾನು. ಆದ್ರೆ ಚಿತ್ರ ಬರೆಸಿ, ಉದ್ಘಾಟನೆ ಮಾಡಿಸಿ, ಫೋಟೋ ತೆಗೆಸ್ಕೊಂಡು ಹೊರಟೋದ್ರೆ ಅಲ್ಲಿ ನಡೀತಿದ್ದ ಕಳ್ತನ ತಾನಾಗೇ ನಿಲ್ಲಲ್ಲ. ಚಿತ್ರದ ಜೊತೆ ಬೇರೆ ಕೆಲವು ಕೆಲ್ಸ ಕೂಡಿ ಬರ್ಬೇಕು, ಅದೂ ಸರಿಯಾದ ಕ್ರಮದಲ್ಲಿ. ನಿಮ್ಮ ಕೈಲಿ ಒಂದು ಗೋಡೆ ಇದೆ, ಸ್ವಲ್ಪ ದುಡ್ಡಿದೆ, ಒಂದಷ್ಟು ಜನ ಇದ್ದಾರೆ ಅಂತ ಇಟ್ಕೊಂಡು ಇದನ್ನ ಬರೀತಿದೀನಿ.

ಮೊದ್ಲು ಅಪರಾಧ ಯಾವ್ದು ಅಂತ ಗೊತ್ತು ಮಾಡ್ಕೊಳ್ಳಿ

"ಏರಿಯಾ ಸರಿ ಇಲ್ಲ" ಅನ್ನೋ ಮಾತಿಂದ ಏನೂ ಕೆಲ್ಸ ಆಗಲ್ಲ. ಏನು ನಡೀತಿದೆ, ಎಷ್ಟು ಹೊತ್ತಿಗೆ, ಯಾವ ಮೂಲೇಲಿ, ಯಾರಿಗೆ ಅಂತ ಒಂದು ಕಾಗದದ ಮೇಲೆ ಬರೀರಿ. ಗೋಡೆ ಮೇಲೆ ಗೀಚೋದು, ಕಸ ಸುರಿಯೋದು, ಬೈಕು ಸೈಕಲ್ ಕದಿಯೋದು, ರಾತ್ರಿ ಹೊತ್ತು ಫೋನು ಸರ ಕಿತ್ಕೊಳ್ಳೋದು, ಹೆಣ್ಮಕ್ಕಳನ್ನ ಹಿಂಬಾಲಿಸೋದು, ಡ್ರಗ್ಸ್ ಮಾರೋದು, ಇವೆಲ್ಲಾ ಬೇರೆ ಬೇರೆ ಜಾತಿ ಸಮಸ್ಯೆ. ಗೀಚೋದು ಕಸ ಸುರಿಯೋದು ಇವಕ್ಕೆ ಚಿತ್ರ ನೇರವಾಗಿ ನಾಟತ್ತೆ. ಕಿತ್ಕೊಂಡು ಓಡೋದಕ್ಕೆ, ಕಾಟ ಕೊಡೋದಕ್ಕೆ ಚಿತ್ರ ನಾಟೋದು ಸುತ್ತಿ ಬಳಸಿ, ಅಂದ್ರೆ ಚಿತ್ರದಿಂದ ಅಲ್ಲಿಗೆ ಜನ ಬಂದ್ರೆ ಮಾತ್ರ. ಡ್ರಗ್ಸ್ ದಂಧೆ, ಗ್ಯಾಂಗ್ ಹೊಡೆದಾಟ, ಮನೆ ಒಳಗಿನ ಹಿಂಸೆ ಇವಕ್ಕೆ ಗೋಡೆ ಬಣ್ಣ ಮದ್ದಲ್ಲ, ಅಂಥಾ ಕಡೆ ಚಿತ್ರ ಬರೆಸಿ ಅಪರಾಧ ಕಮ್ಮಿ ಮಾಡ್ತೀವಿ ಅಂತ ಮಾತು ಕೊಡೋಕೇ ಹೋಗ್ಬೇಡಿ, ಆಮೇಲೆ ಕಲೆಗೇ ಕೆಟ್ಟ ಹೆಸರು ಬರತ್ತೆ.

ಇದನ್ನ ಬರೀವಾಗ ಪೊಲೀಸ್ ಲೆಕ್ಕ ಒಂದನ್ನೇ ನಂಬ್ಕೋಬೇಡಿ. ಎಷ್ಟೋ ಜನ ಕಂಪ್ಲೇಂಟೇ ಕೊಡಲ್ಲ. ಅಲ್ಲೇ ಅಂಗಡಿ ಇಟ್ಟಿರೋರು, ಬೆಳಿಗ್ಗೆ ಕಸ ಗುಡಿಸೋರು, ನೈಟ್ ಶಿಫ್ಟ್ ಮುಗಿಸ್ಕೊಂಡು ಬರೋರು, ಶಾಲೆಗೆ ಹೋಗೋ ಹುಡುಗೀರು, ಇವರನ್ನ ಕೇಳಿ. ಒಂದೊಂದ್ ಸಲ ಇಡೀ ಓಣಿ ಡೇಂಜರ್ ಅಂತ ಹೆಸರು ಬಿದ್ದಿರತ್ತೆ, ಕೂತು ಕೇಳಿದ್ರೆ ನಿಜವಾದ ತೊಂದ್ರೆ ಇರೋದು ಒಂದೇ ಒಂದು ತಿರುವಲ್ಲಿ, ಅದೂ ಬೀದಿ ದೀಪ ಕೆಟ್ಟಿರೋ ಕಡೆ.

ಇಲ್ಲೀವರೆಗೆ ಗೊತ್ತಾಗಿರೋದು ಏನು

1982ರಲ್ಲಿ ಜೇಮ್ಸ್ ವಿಲ್ಸನ್, ಜಾರ್ಜ್ ಕೆಲ್ಲಿಂಗ್ ಅನ್ನೋ ಇಬ್ಬರು ಅಮೆರಿಕನ್ನರು ಒಂದು ಮಾತು ಹೇಳಿದ್ರು, ಒಡೆದ ಕಿಟಕಿನ ಹಂಗೇ ಬಿಟ್ರೆ ಇಲ್ಲಿ ಕೇಳೋರು ಯಾರೂ ಇಲ್ಲ ಅನ್ನೋ ಸಂದೇಶ ಹೋಗತ್ತೆ, ಆಮೇಲೆ ಉಳಿದ ಕಿಟಕೀನೂ ಒಡೀತಾರೆ, ಕೊನೆಗೆ ದೊಡ್ಡ ಅಪರಾಧಾನೂ ಅಲ್ಲಿಗೆ ಬರತ್ತೆ ಅಂತ. ಗೋಡೆ ಚಿತ್ರದ ಪರವಾಗಿ ಮಾತಾಡೋರೆಲ್ಲ ಗೊತ್ತಿದ್ದೋ ಗೊತ್ತಿಲ್ದೇನೋ ಇದನ್ನೇ ಹಿಡ್ಕೊಂಡಿರ್ತಾರೆ. ಇದರಲ್ಲಿ ಎಷ್ಟು ನಿಜ ಅಂತ ನೋಡೋಕೆ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ಊರಲ್ಲಿ ಕೀಸ್ ಕೈಜರ್ ಮತ್ತವರ ಜೊತೆಯವರು ಬೀದೀಲೇ ಪ್ರಯೋಗ ಮಾಡಿದ್ರು, 2008ರಲ್ಲಿ ಪ್ರಕಟ ಆಯ್ತು. ಒಂದು ಪೋಸ್ಟ್ ಡಬ್ಬದಿಂದ ಅರ್ಧ ಹೊರಗೆ ಇಣುಕೋ ಹಾಗೆ ಲಕೋಟೆ ಸಿಕ್ಕಿಸಿದ್ರು, ಒಳಗೆ 5 ಯೂರೋ ನೋಟು ಹೊರಗಿಂದಾನೇ ಕಾಣತ್ತೆ. ಡಬ್ಬ ಕ್ಲೀನಾಗಿದ್ದಾಗ ಹೋಗೋರಲ್ಲಿ ಶೇಕಡಾ 13 ಜನ ಅದನ್ನ ಎತ್ಕೊಂಡ್ರು, ಅದೇ ಡಬ್ಬದ ಮೇಲೆ ಗೀಚಿದ್ದಾಗ ಶೇಕಡಾ 27. ಡಬ್ಬದ ಸುತ್ತ ಕಸ ಬಿದ್ದಿದ್ದಾಗ 25. ಅಂದ್ರೆ ಗೀಚಿರೋದು ನೋಡಿದ ಮಾತ್ರಕ್ಕೆ ಕೈ ಹಾಕೋರ ಸಂಖ್ಯೆ ಎರಡರಷ್ಟಾಯ್ತು, ಅವರೆಲ್ಲ ಮಾಮೂಲಿ ದಾರಿಹೋಕರು, ಕಳ್ಳರೇನಲ್ಲ. ಒಂದು ಗಮನಿಸಿ, ಆ ಪ್ರಯೋಗದಲ್ಲಿ ಬಳಸಿದ್ದು ಸುಮ್ನೆ ಗೀಚೋ ಗೀಚು, ಯಾರೂ ಅದನ್ನ ಕಲೆ ಅನ್ನಲ್ಲ. ಗೋಡೆ ಮೇಲೆ ಬಣ್ಣ ಇರೋದೆಲ್ಲ ಅಪರಾಧ ಕರೆಯತ್ತೆ ಅಂತ ಇದರಿಂದ ಹೇಳೋಕಾಗಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಸ್ಟಡಿ ಇದೆ, ನನ್ನ ಪ್ರಕಾರ ಗೋಡೆ ಚಿತ್ರ ಮಾಡಿಸೋರು ಇದನ್ನೇ ಹೆಚ್ಚು ತಲೇಲಿ ಇಟ್ಕೋಬೇಕು. ರಾಬರ್ಟ್ ಸ್ಯಾಂಪ್ಸನ್, ಸ್ಟೀಫನ್ ರಾಡೆನ್‌ಬುಶ್ ಅನ್ನೋರು ಶಿಕಾಗೋದಲ್ಲಿ ಗಾಡಿಯಿಂದ ವಿಡಿಯೋ ಮಾಡಿಸ್ತಾ 23 ಸಾವಿರಕ್ಕೂ ಹೆಚ್ಚು ಬೀದಿ ತುಂಡುಗಳನ್ನ ದಾಖಲೆ ಮಾಡಿದ್ರು, ಗೀಚು, ಕಸ, ಪಾಳು ಬಿಲ್ಡಿಂಗ್ ಎಲ್ಲಾ ಎಣಿಸಿದ್ರು, ಜೊತೆಗೆ ಆಯಾ ಬಡಾವಣೆ ಜನರನ್ನ ಕೇಳಿದ್ರು, ಬೀದೀಲಿ ಹುಡುಗ್ರು ಏನಾದ್ರೂ ಕಿತಾಪತಿ ಮಾಡ್ತಿದ್ರೆ ಅಕ್ಕಪಕ್ಕದೋರು ಹೋಗಿ ಕೇಳ್ತಾರಾ, ಒಬ್ರಿಗೊಬ್ರು ನಂಬಿಕೆ ಇದೆಯಾ ಅಂತ. 1999ರಲ್ಲಿ ಬಂದ ರಿಸಲ್ಟ್ ಏನಂದ್ರೆ, ಜನರ ನಡುವಿನ ಈ ನಂಟನ್ನೂ ಬಡತನದಂಥ ಕಾರಣಗಳನ್ನೂ ಲೆಕ್ಕಕ್ಕೆ ತಗೊಂಡ್ಮೇಲೆ ಗೀಚಿಗೂ ಬಹುಪಾಲು ಅಪರಾಧಕ್ಕೂ ಇದ್ದ ಸಂಬಂಧ ಕರಗೋಯ್ತು, ಉಳಿದಿದ್ದು ಸುಲಿಗೆ ವಿಷಯದಲ್ಲಿ ಮಾತ್ರ. ಗೀಚು, ಅಪರಾಧ ಎರಡೂ ಒಂದೇ ಬೇರಿಂದ ಬರ್ತಾವೆ ಅಂತ ಅವರು ಅಂದ್ರು. ಹಾಗಾಗಿ ಗೀಚಿನ ಮೇಲೆ ಬಣ್ಣ ಬಳಿದ್ರೆ ಬೇರು ಹಂಗೇ ಇರತ್ತೆ, ಆದ್ರೆ ಆ ಬಣ್ಣ ಬಳಿಯೋ ಕೆಲ್ಸದಲ್ಲೇ ಅಕ್ಕಪಕ್ಕದೋರು ಒಬ್ರಿಗೊಬ್ರು ಪರಿಚಯ ಆದ್ರು ಅಂದ್ರೆ ಬೇರಿಗೇ ಕೈ ಹಾಕಿದ ಹಾಗೆ. ಈ ಒಂದು ವಿಷಯ ಅರ್ಥ ಆದ್ರೆ ಮುಂದೆ ಹೇಳೋದೆಲ್ಲ ಯಾಕೆ ಅಂತ ಗೊತ್ತಾಗತ್ತೆ.

ಫಿಲಡೆಲ್ಫಿಯಾದ ಕಥೆ ಎಲ್ರೂ ಹೇಳ್ತಾರೆ, ಹೇಳ್ಬೇಕಾದ್ದೇ. 1984ರಲ್ಲಿ ಅಲ್ಲಿನ ಮೇಯರ್ ವಿಲ್ಸನ್ ಗೂಡ್ ಗೀಚು ನಿಲ್ಲಿಸೋಕೆ ಅಂತ ಶುರು ಮಾಡಿದ ಕಾರ್ಯಕ್ರಮದಲ್ಲಿ ಜೇನ್ ಗೋಲ್ಡನ್ ಅನ್ನೋ ಕಲಾವಿದೆ ಗೀಚೋ ಹುಡುಗರನ್ನೇ ಕರ್ಕೊಂಡು ಮ್ಯೂರಲ್, ಅಂದ್ರೆ ದೊಡ್ಡ ಗೋಡೆ ಚಿತ್ರ, ಬರೆಸೋಕೆ ಹಿಡಿದ್ರು, ಈಗ ಆ ಊರಲ್ಲಿ ಮಾಡಿರೋ ಮ್ಯೂರಲ್ ಸಾವಿರಗಟ್ಟಲೆ ಇವೆ. ಆದ್ರೆ ಅದೇ ಊರಲ್ಲಿ ಅಪರಾಧದ ಬಗ್ಗೆ ಗಟ್ಟಿ ಪುರಾವೆ ಸಿಕ್ಕಿರೋದು ಖಾಲಿ ಸೈಟುಗಳಿಂದ. 541 ಪಾಳು ಸೈಟುಗಳನ್ನ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಕಸ ತೆಗೆದು ಹುಲ್ಲು ಹಾಕಿ ಒಂದೆರಡು ಗಿಡ ನೆಟ್ಟು ಮರದ ಮೋಟು ಬೇಲಿ ಹಾಕಿದ್ರು, ಇನ್ನೊಂದಕ್ಕೆ ಕಸ ತೆಗೆದು ಕಳೆ ಕತ್ತರಿಸಿದ್ದಷ್ಟೇ, ಮೂರನೇದನ್ನ ಹಂಗೇ ಬಿಟ್ರು. 2018ರಲ್ಲಿ ಪ್ರಕಟ ಆದ ಪ್ರಕಾರ ಸರಿ ಮಾಡಿದ ಸೈಟುಗಳ ಸುತ್ತ, ಬಡತನ ರೇಖೆಗಿಂತ ಕೆಳಗಿದ್ದ ಬಡಾವಣೆಗಳಲ್ಲಿ ಗುಂಡು ಹಾರಿಸೋ ಕೇಸು ಶೇಕಡಾ 29ರಷ್ಟು ಇಳೀತು. ಬೇಲಿ ಮೋಟು ಅಂದೆ ನೋಡಿ, ಅದು ಮುಖ್ಯ, ಯಾರು ಬೇಕಾದ್ರೂ ಒಳಗೆ ಹೋಗಿ ಕೂರ್ಬೋದು, ಹೊರಗಿಂದ ಎಲ್ಲಾ ಕಾಣತ್ತೆ, ಆದ್ರೆ ಇದನ್ನ ಯಾರೋ ನೋಡ್ಕೊಳ್ತಿದ್ದಾರೆ ಅಂತಾನೂ ಗೊತ್ತಾಗತ್ತೆ.

ಕೊಲಂಬಿಯಾದ ಮೆಡಯೀನ್ ಊರಿನ ಕೊಮೂನಾ 13 ಅನ್ನೋ ಬಡಾವಣೆ ಬಗ್ಗೆ ಮಾತ್ರ ಹುಷಾರಾಗಿ ಮಾತಾಡಿ. ಗ್ರಾಫಿಟಿ (ಸ್ಪ್ರೇ ಬಣ್ಣದ ಗೋಡೆ ಚಿತ್ರ) ಬಂದು ಕೊಲೆ ನಿಂತ್ವು ಅನ್ನೋ ಹಾಗೆ ಹೇಳ್ಬಿಡ್ತಾರೆ. ಆ ಊರಲ್ಲಿ 1991ರ ಸುಮಾರಿಗೆ ವರ್ಷಕ್ಕೆ ಲಕ್ಷ ಜನರಿಗೆ 380ರ ಹತ್ರ ಕೊಲೆ ಆಗ್ತಿದ್ವು, ಅಲ್ಲಿಂದ ಇಳಿದಿದ್ದಕ್ಕೆ ಹತ್ತಾರು ಕಾರಣ ಇದೆ, 2002ರಲ್ಲಿ ಕೊಮೂನಾ 13ರಲ್ಲಿ ಸೈನ್ಯ ನುಗ್ಗಿದ ರಕ್ತಸಿಕ್ತ ಕಾರ್ಯಾಚರಣೆನೂ ಆ ಚರಿತ್ರೇಲಿ ಇದೆ. ಆಮೇಲೆ ಬೆಟ್ಟದ ಬಡಾವಣೆಗಳಿಗೆ 2004ರಲ್ಲಿ ಕೇಬಲ್ ಕಾರ್ ಬಂತು, ಅದು ಹಾದು ಹೋದ ಕಡೆ ಕೊಲೆ ಬೇರೆ ಅಂಥದ್ದೇ ಬಡಾವಣೆಗಿಂತ ಜಾಸ್ತಿ ಇಳೀತು ಅಂತ ಸ್ಟಡಿ ಇದೆ, ಕೊಮೂನಾ 13ರಲ್ಲಿ 2011ರಲ್ಲಿ ಬಯಲಲ್ಲೇ ಎಸ್ಕಲೇಟರ್ ಹಾಕಿದ್ರು. ಚಿತ್ರಗಳು ಆ ಮೆಟ್ಟಿಲ ಪಕ್ಕದ ಗೋಡೆ ತುಂಬಾ ಅರಳಿದ್ವು, ನೋಡೋಕೆ ಲೋಕದ ಜನ ಬಂದ್ರು. ಓಡಾಡೋಕೆ ದಾರಿ ಆಗಿ, ಚಿತ್ರ ಅದಕ್ಕೆ ಜೊತೆಯಾಯ್ತು ಅಂತ ಹೇಳಿದ್ರೆ ಸರಿ.

ಜಾಗ ಆರಿಸೋದು

ಗೋಡೆ ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ ಗೋಡೆ ಮುಂದೆ ನಿಂತೋರನ್ನ ಎಷ್ಟು ಜನ ನೋಡ್ಬೋದು ಅನ್ನೋದು ಮುಖ್ಯ. ನೀವೇ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ, ಮಧ್ಯಾಹ್ನ ಒಂದ್ಸಲ, ರಾತ್ರಿ ಒಂದ್ಸಲ. ಎಷ್ಟು ಕಿಟಕಿ ಕಾಣ್ತಾವೆ, ಎಷ್ಟು ಅಂಗಡಿ ಬಾಗ್ಲು ಕಾಣ್ತಾವೆ, ಹತ್ತು ಹದಿನೈದು ಹೆಜ್ಜೆ ದೂರದಲ್ಲಿ ಬರೋರ ಮುಖ ಗುರುತು ಸಿಗತ್ತಾ, ಯಾರಾದ್ರೂ ಅಡಗಿ ಕೂರೋ ಮೂಲೆ ಇದೆಯಾ. ಯಾವ ಕಿಟಕೀನೂ ಕಾಣ್ದೇ ಇರೋ, ಎರಡೂ ಕಡೆ ಮುಚ್ಚಿರೋ ಸುರಂಗದಲ್ಲಿ ಎಂಥಾ ಅದ್ಭುತ ಚಿತ್ರ ಬರೆಸಿದ್ರೂ ಜನ ನಿಲ್ಲಲ್ಲ, ಬೇಗ ದಾಟಿ ಹೋಗ್ತಾರೆ. ಅಂಥಾ ಕಡೆ ಮೊದ್ಲು ಲೈಟು, ಆಮೇಲೆ ಚಿತ್ರ.

ಲೈಟು ಅಂದೆ ಅಂತ ಸುಮ್ನೆ ಹೇಳಿದ್ದಲ್ಲ. ನ್ಯೂಯಾರ್ಕ್‌ನಲ್ಲಿ 2016ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಕೆಲವನ್ನ ಚೀಟಿ ಎತ್ತಿ ಆರಿಸಿ ದೊಡ್ಡ ದೀಪದ ಕಂಬ ನಿಲ್ಲಿಸಿದ್ರು, ರಾತ್ರಿ ಹೊರಗೆ ನಡೆಯೋ ಗಂಭೀರ ಅಪರಾಧ ಸುಮಾರು ಶೇಕಡಾ 36 ಇಳೀತು. ಗೋಡೆ ಚಿತ್ರಕ್ಕೆ ಇಷ್ಟು ಖಚಿತವಾದ ಲೆಕ್ಕ ನಾನು ಎಲ್ಲೂ ನೋಡಿಲ್ಲ. ಅದಕ್ಕೇ ನಿಮ್ಮ ಬಜೆಟ್ಟಲ್ಲಿ ಲೈಟಿನ ದುಡ್ಡನ್ನ ಮೊದ್ಲೇ ಎತ್ತಿಡಿ, ಕಲಾವಿದರ ಜೊತೆ ಮಾತಾಡೋ ಮೊದ್ಲೇ. ಇಲ್ಲೊಂದು ಸೂಕ್ಷ್ಮ ಇದೆ, ಚಿತ್ರ ಚೆನ್ನಾಗಿ ಕಾಣ್ಲಿ ಅಂತ ಗೋಡೆಗೆ ಮಾತ್ರ ಜೋರು ಫೋಕಸ್ ಲೈಟ್ ಬಿಟ್ರೆ ಸುತ್ತಲಿನ ಕತ್ತಲೆ ಇನ್ನೂ ದಟ್ಟ ಆಗತ್ತೆ, ಚಿತ್ರ ನೋಡ್ತಾ ನಿಂತೋರ ಕಣ್ಣು ಕೋರೈಸಿ ಪಕ್ಕದಲ್ಲಿ ಬಂದೋರು ಕಾಣಲ್ಲ. ನೆಲದ ಮೇಲೂ ದಾರಿ ಮೇಲೂ ಒಂದೇ ಸಮ ಬೀಳೋ ಬೆಳಕು ಹಾಕ್ಸಿ, ಗೋಡೆಗೆ ಅದರಲ್ಲೇ ಸಾಕಾಗತ್ತೆ.

ಶಿಲ್ಪ ಇಡ್ತೀರಾದ್ರೆ ನೋಟಕ್ಕೆ ಅಡ್ಡ ಬರದ ಹಾಗೆ ಇಡಿ. ನ್ಯೂಯಾರ್ಕ್‌ನ ಫೆಡರಲ್ ಪ್ಲಾಜಾ ಅನ್ನೋ ಸರ್ಕಾರಿ ಕಚೇರಿ ಅಂಗಳದಲ್ಲಿ 1981ರಲ್ಲಿ ರಿಚರ್ಡ್ ಸೆರಾ ಅವರ "ಟಿಲ್ಟೆಡ್ ಆರ್ಕ್" ಅನ್ನೋ 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಗೋಡೆ ನಿಲ್ಲಿಸಿದ್ರು. ಅಲ್ಲಿ ಕೆಲ್ಸ ಮಾಡೋರು ಇದು ನಮ್ಮ ಓಡಾಟಕ್ಕೆ ಅಡ್ಡ ಅಂದ್ರು, ಅದರ ಹಿಂದೆ ಏನು ನಡೀತಿದೆ ಅಂತ ಕಾಣಲ್ಲ, ಗೀಚೋರಿಗೆ ಜಾಗ ಆಗಿದೆ ಅಂತೆಲ್ಲಾ 1985ರ ವಿಚಾರಣೇಲಿ ದೂರು ಬಂತು, ಬಾಂಬ್ ಸಿಡಿದ್ರೆ ಹೊಡೆತ ಬಿಲ್ಡಿಂಗ್ ಕಡೆ ತಿರುಗತ್ತೆ ಅಂತ ಭದ್ರತಾ ಅಧಿಕಾರಿ ಒಬ್ರು ಹೇಳಿದ್ರು. 1989ರಲ್ಲಿ ಅದನ್ನ ಕತ್ತರಿಸಿ ತೆಗೆದೇಬಿಟ್ರು. ಆ ಕೃತಿಯ ಪರವಾಗೂ ಬಹಳ ದೊಡ್ಡ ದೊಡ್ಡ ಕಲಾವಿದರು ನಿಂತಿದ್ರು, ನನಗೂ ಅದನ್ನ ತೆಗೆದಿದ್ದು ಸರಿ ಅನ್ಸಲ್ಲ, ಆದ್ರೆ ದಿನಾ ಅಲ್ಲೇ ಓಡಾಡೋರನ್ನ ಕೇಳ್ದೇ ನಿಲ್ಲಿಸಿದ್ದರಿಂದ ಅದರ ಪರ ನಿಲ್ಲೋಕೆ ಆ ಜಾಗದ ಜನಾನೇ ಸಾಕಷ್ಟು ಸಿಗ್ಲಿಲ್ಲ.

ಯಾರು ಬರೀಬೇಕು, ಯಾರನ್ನ ಕೇಳ್ಬೇಕು

ಹೊರಗಿನ ಒಬ್ಬ ಪ್ರಸಿದ್ಧ ಕಲಾವಿದರನ್ನ ಕರೆಸಿ ಮೂರು ದಿನದಲ್ಲಿ ಮುಗಿಸಿದ್ರೆ ಚಿತ್ರ ಸೂಪರಾಗೇ ಬರ್ಬೋದು, ಆದ್ರೆ ಮೇಲೆ ಹೇಳಿದ ಬೇರಿನ ಕೆಲ್ಸ ಆಗಲ್ಲ. ಕಲಾವಿದರು ಎಲ್ಲಿಂದ ಬಂದ್ರೂ ಪರವಾಗಿಲ್ಲ, ಆದ್ರೆ ಕೆಲ್ಸ ನಿಧಾನ ನಡೀಲಿ, ಬೀದಿಯೋರು ಕೈ ಹಾಕೋ ಹಾಗಿರ್ಲಿ. ಇದಕ್ಕೊಂದು ಒಳ್ಳೆ ಉಪಾಯ ಇದೆ. ತೆಳ್ಳಗಿನ ಪ್ಯಾರಾಶೂಟ್ ಬಟ್ಟೆ ಮೇಲೆ ಚಿತ್ರಾನ ತುಂಡು ತುಂಡಾಗಿ ಬೇರೆ ಕಡೆ ಬರೆದು, ಆಮೇಲೆ ಅಂಟು ಹಾಕಿ ಗೋಡೆಗೆ ಕೂರಿಸೋದು. ಪ್ರತಿ ತುಂಡಿನಲ್ಲೂ ಹೊರಗೆರೆ ಹಾಕಿ ಯಾವ ಖಾನೆಗೆ ಯಾವ ಬಣ್ಣ ಅಂತ ನಂಬರ್ ಕೊಟ್ರೆ ವಯಸ್ಸಾದೋರು, ಶಾಲೆ ಮಕ್ಕಳು, ಬ್ರಷ್ ಹಿಡಿದೇ ಗೊತ್ತಿಲ್ದೋರೂ ಕೂತ್ಕೊಂಡು ತುಂಬ್ಬೋದು, ಸಾರುವೆ ಹತ್ತೋ ಅಪಾಯ ಇಲ್ಲ. ಫಿಲಡೆಲ್ಫಿಯಾದೋರು ಇದೇ ಥರ ಗ್ರೇಟರ್‌ಫೋರ್ಡ್ ಜೈಲಿನ ಒಳಗೇ ಕೈದಿಗಳ ಕೈಲಿ ಬರೆಸಿ ಊರಿನ ಗೋಡೆಗೆ ತಂದು ಅಂಟಿಸಿದ್ರು. "ಹೀಲಿಂಗ್ ವಾಲ್ಸ್" ಅನ್ನೋ ಕೆಲಸದಲ್ಲಂತೂ ಅಪರಾಧಕ್ಕೆ ಗುರಿಯಾದ ಕುಟುಂಬದೋರು, ಅಪರಾಧ ಮಾಡಿ ಜೈಲಲ್ಲಿದ್ದೋರು ಎರಡು ಕಡೆಯೋರೂ ಸೇರಿ ಚಿತ್ರದಲ್ಲಿ ಏನಿರ್ಬೇಕು ಅಂತ ಜಗಳ ಆಡಿ, ಅತ್ತು, ಮಾತಾಡಿ ಬರೆದ್ರು. ಕಲೆ ಮತ್ತು ಅಪರಾಧದ ಸಂಬಂಧ ಅಂದ್ರೆ ಬರೀ ತಡೆಯೋದಷ್ಟೇ ಅಲ್ಲ, ಆಗಿಹೋದದ್ದರ ಜೊತೆ ಬದುಕೋದೂ ಹೌದು ಅಂತ ಇದನ್ನ ಓದಿದಾಗ್ಲೆಲ್ಲ ನನಗೆ ಅನ್ಸತ್ತೆ.

ಅಲ್ಲಿ ಗೀಚೋ ಹುಡುಗರು ಯಾರು ಅಂತ ಬೀದಿಯೋರಿಗೆ ಸಾಮಾನ್ಯವಾಗಿ ಗೊತ್ತೇ ಇರತ್ತೆ. ಅವರನ್ನ ಪೊಲೀಸ್ ಥರ ವಿಚಾರಿಸೋಕೆ ಹೋಗ್ಬೇಡಿ, ಗೋಡೆಯ ಒಂದು ಭಾಗ ಅವರಿಗೇ ಬಿಟ್ಟುಕೊಡಿ, ಮಾಡಿದ ಕೆಲ್ಸಕ್ಕೆ ದುಡ್ಡೂ ಕೊಡಿ. ತಮ್ಮೋರೇ ಬರೆದಿದ್ದರ ಮೇಲೆ ಗೀಚೋದು ಅವರಲ್ಲಿ ಮರ್ಯಾದೆಗೆಟ್ಟ ಕೆಲ್ಸ ಅಂತ ಲೆಕ್ಕ, ಯಾವಾಗ್ಲೂ ಉಳಿಯತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲ, ಆದ್ರೆ ಖಾಲಿ ಗೋಡೆಗಿಂತ ಖಂಡಿತ ಜಾಸ್ತಿ ದಿನ ಉಳಿಯತ್ತೆ.

ಏನು ಬರೆಸ್ತೀರಿ ಅನ್ನೋದ್ರಲ್ಲೂ ಎಚ್ಚರ ಬೇಕು. ಗೋಡೆ ಚಿತ್ರ ಅಪರಾಧದ ಪರವಾಗೂ ಕೆಲ್ಸ ಮಾಡತ್ತೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಮುಸುಕು ಹಾಕ್ಕೊಂಡು ಬಂದೂಕು ಹಿಡಿದೋರ ದೊಡ್ಡ ದೊಡ್ಡ ಚಿತ್ರಗಳು ವರ್ಷಗಟ್ಟಲೆ ಇದ್ವು, ಈ ಬೀದಿ ನಮ್ಮದು, ಹುಷಾರು ಅಂತ ಆಚೆ ಕಡೆಯೋರಿಗೆ ಹೇಳೋಕೆ. ಅಲ್ಲಿನ ಆರ್ಟ್ಸ್ ಕೌನ್ಸಿಲ್ 2006ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿ ಅಂಥಾ ಚಿತ್ರಗಳ ಜಾಗಕ್ಕೆ ಬೇರೆ ಚಿತ್ರ ತರೋಕೆ ದುಡ್ಡು ಕೊಡ್ತು, ಆದ್ರೆ ಅಲ್ಲಿನ ಜನರ ಜೊತೆ ಮಾತಾಡದೇ ಒಂದನ್ನೂ ಅಳಿಸೋ ಹಾಗಿರ್ಲಿಲ್ಲ. ನಿಮ್ಮ ಗೋಡೆ ಮೇಲೂ ಯಾವ್ದೋ ಒಂದು ಗುಂಪಿನ ಗುರುತು, ಸತ್ತ ರೌಡಿಯ ಮುಖ, ಒಂದು ಕಡೆಯೋರಿಗೆ ಮಾತ್ರ ಹೆಮ್ಮೆ ತರೋ ಸಂಗತಿ ಬಂತು ಅಂದ್ರೆ ಅದು ಗಡಿಗಲ್ಲು ಆಗ್ಬಿಡತ್ತೆ. ಕರಡು ಚಿತ್ರಾನ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಅದೇ ಗೋಡೆಗೆ ಎರಡು ವಾರ ಅಂಟಿಸಿ ಇಡಿ, ಪಕ್ಕದಲ್ಲಿ ಪೆನ್ ಕಟ್ಟಿ ಇಡಿ, ಬೇಡ ಅನ್ನೋರು ಬರೀಲಿ. ಕಮಿಟಿ ಮೀಟಿಂಗಿಗೆ ಬಾರದೋರ ಅಭಿಪ್ರಾಯ ಹೀಗೇ ಸಿಗೋದು.

ಪರ್ಮಿಶನ್ ಬಗ್ಗೆ ಚಿಕ್ಕದಾಗಿ: ಗೋಡೆ ಮಾಲೀಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಬೇಕು, ಎಷ್ಟು ವರ್ಷ ಚಿತ್ರ ಇರತ್ತೆ, ಅಳಿಸ್ಬೇಕಾದ್ರೆ ಎಷ್ಟು ದಿನ ಮುಂಚೆ ಹೇಳ್ಬೇಕು ಅಂತ ಅದರಲ್ಲಿ ಇರ್ಬೇಕು. ನ್ಯೂಯಾರ್ಕ್‌ನ ಫೈವ್ ಪಾಯಿಂಟ್ಸ್ ಅನ್ನೋ ಕಟ್ಟಡದ ಗ್ರಾಫಿಟಿಗಳ ಮೇಲೆ ಮಾಲೀಕರು 2013ರಲ್ಲಿ ರಾತ್ರೋರಾತ್ರಿ ಸುಣ್ಣ ಬಳಿದ ಹಾಗೆ ಬಿಳಿ ಬಣ್ಣ ಬಳಿಸಿದ್ರು, 2018ರಲ್ಲಿ ಕೋರ್ಟು 21 ಕಲಾವಿದರಿಗೆ ಒಟ್ಟು 67.5 ಲಕ್ಷ ಡಾಲರ್ ಪರಿಹಾರ ಕೊಡ್ಸಿತು. ಭಾರತದಲ್ಲೂ ಅಮರನಾಥ್ ಸೆಹಗಲ್ ಅವರ ಭಿತ್ತಿಶಿಲ್ಪಾನ ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಹಾಳು ಮಾಡಿದ್ದಕ್ಕೆ 2005ರಲ್ಲಿ ದೆಹಲಿ ಹೈಕೋರ್ಟ್ ಕಲಾವಿದರ ಪರ ತೀರ್ಪು ಕೊಟ್ಟಿದೆ. ಚಿತ್ರ ಹಾಳು ಮಾಡೋದೂ ಒಂದು ತಪ್ಪೇ ಅನ್ನೋದು ಮಾಲೀಕರಿಗೆ ಮೊದ್ಲೇ ಗೊತ್ತಿರ್ಲಿ.

ಗೋಡೆ ಕೆಲ್ಸ

ಇದು ಬೋರ್ ಅನ್ಸಿದ್ರೂ ಬಿಡ್ಬೇಡಿ, ಯಾಕಂದ್ರೆ ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದ ಚಿತ್ರ ಒಡೆದ ಕಿಟಕಿಗಿಂತ ಕೆಟ್ಟದು, ಮಾಡಿ ಬಿಟ್ಟು ಹೋದ್ರು ಅಂತ ಎಲ್ರಿಗೂ ಕಾಣತ್ತೆ. ಹೊಸ ಪ್ಲಾಸ್ಟರ್ ಆದ್ರೆ ಕನಿಷ್ಠ 28 ದಿನ ಒಣಗೋಕೆ ಬಿಡಿ. ಗೋಡೆ ಮೇಲೆ ಬಿಳಿ ಉಪ್ಪು ಎದ್ದಿದ್ರೆ ಒಳಗಿಂದ ತೇವ ಬರ್ತಿದೆ ಅಂತ, ಪೈಪ್ ಸೋರಿಕೇನೋ ಮೇಲಿಂದ ಇಳಿಯೋ ನೀರೋ ಅದನ್ನ ನಿಲ್ಲಿಸದೇ ಯಾವ ಪೇಂಟೂ ನಿಲ್ಲಲ್ಲ. ಪಾಚಿ ಕೆರೆದು, ತೊಳೆದು, ಒಣಗಿಸಿ, ಸಿಮೆಂಟಿನ ಕ್ಷಾರ ತಡೆಯೋ ಪ್ರೈಮರ್ ಹಾಕಿ, ಆಮೇಲೆ ಹೊರಗೋಡೆಗೆ ಅಂತಾನೇ ಬರೋ ಅಕ್ರಿಲಿಕ್ ಬಣ್ಣ.

ನೆಲದಿಂದ ಸುಮಾರು ಏಳಡಿವರೆಗಿನ ಭಾಗಾನೇ ಗೀಚೋರ ಕೈಗೆ ಸಿಗೋದು. ಅಲ್ಲಿ ದೊಡ್ಡದಾಗಿ ಖಾಲಿ ಆಕಾಶ, ಖಾಲಿ ಬಿಳಿ ಬಿಟ್ರೆ ಬಂದು ಬರೀರಿ ಅಂದ ಹಾಗೆ. ಆ ಭಾಗದಲ್ಲಿ ಎಲೆ, ಜನ, ವಿನ್ಯಾಸ ಅಂತ ಒತ್ತೊತ್ತಾಗಿ ತುಂಬಿಸಿ, ಖಾಲಿ ಜಾಗ ಮೇಲಕ್ಕೆ ಇಟ್ಕೊಳ್ಳಿ. ಮೇಲೆ ಗ್ರಾಫಿಟಿ ತಡೆಯೋ ಲೇಪ ಹಾಕೋದಾದ್ರೆ ಎರಡು ಥರ ಸಿಗತ್ತೆ. ಒಂದು ಮೇಣದ ಥರದ್ದು, ಗೀಚು ಬಿದ್ರೆ ಬಿಸಿನೀರು ಜೋರಾಗಿ ಹೊಡೆದಾಗ ಲೇಪದ ಜೊತೆ ಗೀಚೂ ಹೋಗತ್ತೆ, ಆಮೇಲೆ ಆ ಜಾಗಕ್ಕೆ ಮತ್ತೆ ಲೇಪ ಹಾಕ್ಬೇಕು. ಇನ್ನೊಂದು ಪಾಲಿಯುರೆಥೇನ್ ಥರದ ಗಟ್ಟಿ ಲೇಪ, ಹಲವು ಸಲ ಸಾಲ್ವೆಂಟ್ ಹಾಕಿ ಒರೆಸಿದ್ರೂ ತಡ್ಕೊಳ್ಳತ್ತೆ, ಆದ್ರೆ ಗೋಡೆ ಉಸಿರಾಡೋಕೆ ಬಿಡಲ್ಲ, ತೇವದ ಗೋಡೆಗೆ ಹಾಕಿದ್ರೆ ಒಳಗೆ ನೀರು ಸಿಕ್ಕಾಕ್ಕೊಂಡು ಚಿತ್ರಾನೇ ಗುಳ್ಳೆ ಏಳತ್ತೆ. ಯಾವ್ದೇ ಆದ್ರೂ ಮೊದ್ಲು ಒಂದು ಮೂಲೇಲಿ ಹಾಕಿ ನೋಡಿ. ಬಳಸಿದ ಪ್ರತಿ ಬಣ್ಣದ ಶೇಡ್ ನಂಬರ್ ಬರೆದಿಡಿ, ಉಳಿದ ಬಣ್ಣ ಬಿಸಾಡ್ಬೇಡಿ.

ಮೊದಲ ಗೀಚು ಬಿದ್ದಾಗ

ಬೀಳತ್ತೆ. ಅವತ್ತು ನೀವು ಏನು ಮಾಡ್ತೀರಿ ಅನ್ನೋದ್ರ ಮೇಲೆ ಆ ಗೋಡೆ ಹಣೆಬರಹ ನಿಂತಿದೆ. ಫೋಟೋ ತೆಗೀರಿ, ಬೆದರಿಕೇನೋ ದ್ವೇಷದ ಮಾತೋ ಇದ್ರೆ ಪೊಲೀಸರಿಗೆ ಕೊಡಿ, ಆಮೇಲೆ ಒಂದೆರಡು ದಿನದ ಒಳಗೆ ಸರಿ ಮಾಡಿ. ಗೀಚೋರಿಗೆ ಬೇಕಾಗಿರೋದು ತಮ್ಮ ಹೆಸರು ನಾಲ್ಕು ಜನಕ್ಕೆ ಕಾಣೋದು, ಅದು ಸಿಗದೇ ಹೋದ್ರೆ ಬಣ್ಣ ವ್ಯರ್ಥ. ನ್ಯೂಯಾರ್ಕ್ ಸಬ್‌ವೇದೋರು 1984ರಿಂದ ಇದನ್ನೇ ಹಿಡಿದ್ರು, ಒಂದ್ಸಲ ಕ್ಲೀನ್ ಮಾಡಿದ ಬೋಗಿ ಮೇಲೆ ಗೀಚು ಬಿದ್ರೆ ಅದು ಹೋಗೋವರೆಗೂ ಆ ಬೋಗಿನ ಓಡಿಸ್ತಿರ್ಲಿಲ್ಲ, 1989ರ ಮೇ ತಿಂಗಳಲ್ಲಿ ಗೀಚು ತುಂಬಿದ ಕೊನೇ ರೈಲನ್ನ ತೆಗೆದ್ರು. ಸಾವಿರಾರು ಬೋಗಿ, ಐದು ವರ್ಷ. ಅವರಿಗೆ ಅಷ್ಟು ದಿನ ಬೇಕಾಯ್ತು ಅಂದ್ರೆ ನಿಮ್ಮ ಒಂದು ಗೋಡೆಗೆ ಮೊದಲ ಆರು ತಿಂಗಳು ಬೇಸರ ಮಾಡ್ಕೊಳ್ದೇ ನೋಡ್ಕೊಳ್ಳೋದು ದೊಡ್ಡದೇನಲ್ಲ. ಬೂದು ಬಣ್ಣದ ಚೌಕ ಬಳಿದು ಮುಚ್ಚೋದು ಬೇಡ, ಅದು ಇನ್ನೊಬ್ಬರಿಗೆ ಸ್ಲೇಟು ಕೊಟ್ಟ ಹಾಗೆ, ಎತ್ತಿಟ್ಟ ಬಣ್ಣದಲ್ಲಿ ಚಿತ್ರಾನೇ ಮತ್ತೆ ತುಂಬಿ. ಈ ಕೆಲ್ಸಕ್ಕೆ ಹತ್ರದಲ್ಲೇ ಇರೋ ಇಬ್ಬರ ಹೆಸರು ಮೊದ್ಲೇ ನಿಗದಿ ಮಾಡಿ, ಒಟ್ಟು ದುಡ್ಡಲ್ಲಿ ಒಂದು ಪಾಲು ಇದಕ್ಕೇ ತೆಗೆದಿಡಿ.

ಲೋಹದ ಶಿಲ್ಪ ಇಡೋರು ಕಳ್ತನದ ಬಗ್ಗೆನೂ ಯೋಚಿಸ್ಬೇಕು. 2005ರ ಡಿಸೆಂಬರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಲ್ಲಿ ಹೆನ್ರಿ ಮೂರ್ ಅವರ ಒರಗಿ ಮಲಗಿದ ಕಂಚಿನ ಶಿಲ್ಪಾನ ಕ್ರೇನ್ ಇರೋ ಲಾರಿ ತಂದು ಎತ್ಕೊಂಡು ಹೋದ್ರು, ಸುಮಾರು 30 ಲಕ್ಷ ಪೌಂಡ್ ಬೆಲೆ ಬಾಳೋದು, ಗುಜರಿಗೆ ಕರಗಿಸಿ ಹೆಚ್ಚಂದ್ರೆ 1500 ಪೌಂಡ್ ಸಿಕ್ಕಿರ್ಬೋದು ಅಂತ ಪೊಲೀಸರ ಅಂದಾಜು. 2011ರಲ್ಲಿ ಲಂಡನ್ನಿನ ಡಲಿಚ್ ಪಾರ್ಕಿಂದ ಬಾರ್ಬರಾ ಹೆಪ್‌ವರ್ತ್ ಅವರ ಶಿಲ್ಪಾನೂ ಹೀಗೇ ಹೋಯ್ತು. ಓದಿದ್ರೆ ಹೊಟ್ಟೆ ಉರಿಯತ್ತೆ. ಗಾಡಿ ಹತ್ರ ಬರೋಕೆ ಆಗದ ಹಾಗೆ ಕಲ್ಲು ಕಂಬ ಹಾಕಿ, ಬೋಲ್ಟನ್ನ ಕಾಂಕ್ರೀಟ್ ಒಳಗೆ ಹುದುಗಿಸಿ, ಇಲ್ಲಾಂದ್ರೆ ಗುಜರೀಲಿ ಬೆಲೆನೇ ಬಾರದ ಕಲ್ಲು, ಕಾಂಕ್ರೀಟು, ಮೊಸಾಯಿಕ್ ಆರಿಸ್ಕೊಳ್ಳಿ.

ಕಮ್ಮಿ ಆಯ್ತಾ ಇಲ್ವಾ ಅಂತ ನೋಡೋದು

ಚಿತ್ರ ಬರೆಸೋಕೆ ಕನಿಷ್ಠ ಒಂದು ವರ್ಷ ಮುಂಚಿನ ಲೆಕ್ಕ ಬೇಕು, ಆಮೇಲಿನ ಒಂದು ವರ್ಷದ್ದೂ ಬೇಕು, ಅದೇ ತಿಂಗಳಿಗೆ ಅದೇ ತಿಂಗಳು ಹೋಲಿಸ್ಬೇಕು. ಸಾಮಾನ್ಯವಾಗಿ ಜನ ಚಿತ್ರ ಬರೆಸೋಕೆ ಓಡೋದು ಪರಿಸ್ಥಿತಿ ತೀರಾ ಕೆಟ್ಟಾಗ, ಅಂಥಾ ಹೊತ್ತಲ್ಲಿ ಏನೂ ಮಾಡದಿದ್ರೂ ಮುಂದಿನ ತಿಂಗಳು ಸ್ವಲ್ಪ ಇಳಿಯೋದು ಸಹಜ, ಅದನ್ನ ಚಿತ್ರದ ಖಾತೆಗೆ ಹಾಕ್ಬೇಡಿ. ಚಿತ್ರ ಇಲ್ದಿರೋ, ಆದ್ರೆ ಬೇರೆಲ್ಲಾ ಅಂಥದ್ದೇ ಇರೋ ಇನ್ನೊಂದು ಬೀದೀನೂ ಜೊತೆಗೆ ಎಣಿಸ್ತಾ ಹೋಗಿ.

ಪಕ್ಕದ ಬೀದಿಗಳನ್ನ ಮರೀಲೇಬೇಡಿ. ಇಂಗ್ಲೆಂಡಿನ ನ್ಯೂಕಾಸಲ್ ಯೂನಿವರ್ಸಿಟೀಲಿ ಸೈಕಲ್ ನಿಲ್ಲಿಸೋ ಕೆಲವು ಕಡೆ ದಿಟ್ಟಿಸಿ ನೋಡೋ ಎರಡು ಕಣ್ಣಿನ ಚಿತ್ರ, ಜೊತೆಗೆ ಕಳ್ಳರೇ ನಿಮ್ಮನ್ನ ನೋಡ್ತಿದೀವಿ ಅನ್ನೋ ಥರದ ಬರಹ ಇರೋ ಫಲಕ ಹಾಕಿದ್ರು. 2012ರಲ್ಲಿ ಅದರ ಫಲಿತಾಂಶ ಬಂತು, ಫಲಕ ಇದ್ದ ಕಡೆ ಸೈಕಲ್ ಕಳ್ತನ ಶೇಕಡಾ 62 ಇಳೀತು, ಫಲಕ ಇಲ್ಲದ ಕಡೆ ಶೇಕಡಾ 65 ಏರ್ತು. ಬರೀ ಫಲಕ ಇದ್ದ ಜಾಗ ನೋಡಿದ್ದಿದ್ರೆ ಭಾರೀ ಗೆಲುವು ಅನ್ನೋ ಸುದ್ದಿ ಆಗ್ತಿತ್ತು, ಕಳ್ಳರು ಪಕ್ಕಕ್ಕೆ ಜರುಗಿದ್ರು ಅನ್ನೋದು ಗೊತ್ತಾಗಿದ್ದು ಎರಡೂ ಕಡೆ ಎಣಿಸಿದ್ದರಿಂದ. ನಿಮ್ಮ ಗೋಡೆ ಸುತ್ತಲಿನ ನಾಲ್ಕೈದು ಬೀದಿ ಲೆಕ್ಕಾನೂ ಇಟ್ಕೊಳ್ಳಿ.

ಪೊಲೀಸ್ ಲೆಕ್ಕದಲ್ಲಿ ಕಾಣದೇ ಇರೋದು ಇನ್ನೊಂದಿದೆ, ಜನರ ಓಡಾಟ. ವಾರದಲ್ಲಿ ಎರಡು ದಿನ, ಒಂದೇ ಹೊತ್ತಿಗೆ, ಅರ್ಧ ಗಂಟೆ ಅಲ್ಲಿ ನಿಂತು ಎಣಿಸಿ: ಎಷ್ಟು ಜನ ಹಾದು ಹೋದ್ರು, ಅವರಲ್ಲಿ ಹೆಂಗಸರು ಎಷ್ಟು, ಮಕ್ಕಳೆಷ್ಟು, ಒಬ್ಬಂಟಿಯಾಗಿ ಹೋದೋರೆಷ್ಟು, ನಿಂತು ಮಾತಾಡಿದೋರು ಎಷ್ಟು. ಕತ್ತಲಾದ್ಮೇಲೆ ಒಬ್ಬಂಟಿಯಾಗಿ ಹೋಗೋ ಹೆಂಗಸರ ಸಂಖ್ಯೆ ಏರ್ತಾ ಇದ್ರೆ ಅದಕ್ಕಿಂತ ನಂಬಿಕಸ್ತ ಲೆಕ್ಕ ನನಗಂತೂ ಬೇರೆ ಗೊತ್ತಿಲ್ಲ. ಓಡಾಟ ಜಾಸ್ತಿ ಆಗಿ ಕಂಪ್ಲೇಂಟೂ ಸ್ವಲ್ಪ ಜಾಸ್ತಿ ಆದ್ರೆ ಗಾಬರಿ ಆಗ್ಬೇಡಿ, ಮೊದ್ಲು ಆ ದಾರೀನೇ ಬಿಟ್ಟಿದ್ದೋರು ಈಗ ವಾಪಸ್ ಬಂದಿದ್ದಾರೆ, ಪೊಲೀಸರಿಗೆ ಹೇಳಿದ್ರೆ ಕೇಳ್ತಾರೆ ಅನ್ನೋ ಧೈರ್ಯಾನೂ ಬಂದಿರತ್ತೆ, ಅದಕ್ಕೇ ಕೇಸಿನ ಸಂಖ್ಯೆನ ಓಡಾಡೋರ ಸಂಖ್ಯೆಯಿಂದ ಭಾಗಿಸಿ ನೋಡಿ. ಒಂದು ವರ್ಷ ಆದ್ಮೇಲೂ ಎರಡೂ ಲೆಕ್ಕ ಅಲ್ಲಾಡ್ದೇ ಇದ್ರೆ ಚಿತ್ರ ಅಳಿಸೋ ಅಗತ್ಯ ಏನಿಲ್ಲ, ಚಿತ್ರ ಇದ್ದೇ ಇರ್ಲಿ, ಮೊದಲ ದಿನ ಬರೆದಿಟ್ಟ ಆ ಕಾಗದ ತೆಗೆದು ಯಾವ ಹೊತ್ತಿಗೆ, ಯಾವ ಮೂಲೇಲಿ ಅಂತ ಮತ್ತೆ ಕೇಳ್ಕೊಂಡು ಬನ್ನಿ, ಬಹುಶಃ ಮುಂದಿನ ದುಡ್ಡು ಹೋಗ್ಬೇಕಾಗಿರೋದು ಲೈಟಿಗೋ, ರಾತ್ರಿ ಹತ್ತರವರೆಗೆ ತೆರೆದಿರೋ ಒಂದು ಅಂಗಡಿಗೋ ಇರತ್ತೆ.